ಕಲ್ಲಿನ ಕೆಳಗಿನ ಬೇವಿನೆಲೆ

"ಏ! ಯಾರದು? ನಮ್ಮ ಬಾಗಿಲ ಮುಂದ ಏನ್ ಮಾಡಲಿಕತ್ತಿ?"

ಲುಂಬಿನಿಯ ಆ ಒಂದು ಕೂಗಿಗೆ ಶಹಾಬಾದಿನ ಆ ಗಲ್ಲಿಯ ಅರ್ಧ ನಿದ್ದೆ ಹಾರಿಹೋಯಿತು!

ಬೆಳಗಿನ ಮೊದಲ ಟ್ರಿಪ್ಪಿಗೆಂದು ಕಂಡಕ್ಟರ್ ಖಾಕಿ ತೊಟ್ಟು, ಹೆಗಲಿಗೆ ಬ್ಯಾಗು ಹಾಕಿಕೊಂಡು ಅವಳು ಗೇಟು ತೆರೆದಿದ್ದಳು. ಕಾಲ ಬುಡದಲ್ಲೇ ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತಿದ್ದ. ಎದೆಯ ತನಕ ಗಡ್ಡ, ಬಿರು ಬೇಸಿಗೆಯಲ್ಲೂ ಹೆಗಲ ಮೇಲೆ ಕಂಬಳಿ, ಪಕ್ಕದಲ್ಲಿ ಆಳೆತ್ತರದ ಬಿದಿರು ಕೋಲು. ಅವನ ಮುಂದೆ ಒಂದರ ಮೇಲೊಂದು ಮೂರು ಕಲ್ಲು.

ಅವನು ತಲೆ ಎತ್ತಿದ. ಹೆದರಲಿಲ್ಲ, ಓಡಲಿಲ್ಲ. ನಕ್ಕ!

"ಶರಣ್ರಿ ಅಕ್ಕೋರ. ಗುರುತು ಇಡಲಿಕತ್ತೀನ್ರಿ."

"ಅಕ್ಕೋರ? ನಾ ನಿನಗ ಅಕ್ಕನಂಗ ಕಾಣ್ತೀನೇನು? ಗಡ್ಡ ನೋಡಿದ್ರ ನೀನೇ ನನ್ನ ಕಾಕಾನಂಗ ಇದ್ದಿ!"

"ಗಡ್ಡ ದೊಡ್ಡದರಿ… ವಯಸ್ಸು ಸಣ್ಣದು."

ಲುಂಬಿನಿಗೆ ನಗು ಬಂತು. ಆದರೆ ಖಾಕಿ ಮೈಮೇಲಿರುವಾಗ ನಗಬಾರದು ಎಂಬುದು ಅವಳದೇ ಕಾನೂನು.

"ಯಾವ ಊರು? ಯಾಕ ಈ ಕಲ್ಲು?"

"ಚಂದ್ರಾಮ ಅಂತರಿ. ಚಿಂಚೋಳಿ ಅಡವ್ಯಾಗ ವಾಚರ್ ಇದ್ದೆ. ಇಲ್ಲಿ ಗಿಡದ ನರ್ಸರಿಗೆ ಹಾಕ್ಯಾರ. ಎದುರಿನ ಸರ್ವರಬೇಗಂ ಅವರ ಮ್ಯಾಲಿನ ಖೋಲಿ ಹಿಡಿದೀನಿ. ನಿನ್ನಿ ಚಾ ಕುಡಿಯಾಕ ಹೋದಾಂವಗ ತಿರುಗಿ ಮನೀನೇ ಸಿಗಲಿಲ್ಲರಿ! ಎಲ್ಲಾ ಬಾಗಿಲಾ ನೀಲಿ, ಎಲ್ಲಾ ಗ್ವಾಡಿ ಕಲ್ಲು. ನಮ್ಮ ಅಡವ್ಯಾಗ ಒಂದು ಗಿಡದಂಗ ಇನ್ನೊಂದು ಗಿಡ ಇರಂಗಿಲ್ಲ. ಅದಕ್ಕ ತಿರುವು ತಿರುವಿಗೆ ಕಲ್ಲು ಇಟ್ಕೊಂತ ಬಂದೀನಿ."

ಅವನು ಒಂದು ಬೇವಿನೆಲೆಯನ್ನು ಮೇಲಿನ ಕಲ್ಲಿನ ಕೆಳಗೆ ಸಿಕ್ಕಿಸಿದ.

"ಇದು?"

"ಎಲಿ ಇಟ್ರ 'ಹೋಗೀನಿ, ತಿರುಗಿ ಬರ್ತೀನಿ' ಅಂತರಿ. ಬಂದ ಮ್ಯಾಲ ಇಟ್ಟವರೇ ತೆಗೀಬೇಕು. ಎಲಿ ಇರೋತನಕ ಮನ್ಯಾಗಿನ ಮಂದಿಗೆ ಧೈರ್ಯ ಇರ್ತದ."

ಅಯ್ಯೋ ದೇವರೇ… ಕಲ್ಲು, ಬೇವಿನೆಲೆ, ಅದೂ ಪರರ ಬಾಗಿಲ ಮುಂದೆ! ಈ ಸೀಮೆಯಲ್ಲಿ ಭಾನಾಮತಿ ಎಂಬ ಮಾಟದ ಹೆಸರು ಕೇಳಿದರೆ ಗಟ್ಟಿ ಗಂಡಸರೂ ಬೆವರುತ್ತಾರೆ. ಅಂಗಳದಲ್ಲಿ ಒಂದು ಲಿಂಬೆಹಣ್ಣು ಉರುಳಿದರೂ ಊರೆಲ್ಲ ಗುಲ್ಲು.

ಆ ಕಲ್ಲುಗಳನ್ನು ಒದೆಯಲೆಂದೇ ಲುಂಬಿನಿ ಕಾಲೆತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಶಿವಕಾಂತಮ್ಮ ಕಿಟಕಿಯಿಂದ ಚೀರಿದಳು.

"ಲುಂಬಿನೀ! ಮುಟ್ಟಬ್ಯಾಡವ್ವೋ! ಭಾನಾಮತಿ ಕಲ್ಲು ಅವು, ಸುಟ್ಟು ಹೋಗ್ತಿ!"

ಅಲ್ಲಿಗೆ ಕೆಟ್ಟಿತು ನೋಡಿ! ಬೇಡ ಎಂದದ್ದನ್ನೇ ಮಾಡುವುದು ಈ ಹುಡುಗಿಯ ಹುಟ್ಟುಗುಣ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ ಇದ್ದ ಮನೆಯಲ್ಲಿ ಬೆಳೆದವಳು. 'ಕೇಳದೆ ನಂಬಬ್ಯಾಡ' ಎಂದು ಅಪ್ಪ ಸಾಯುವ ತನಕ ಹೇಳಿಕೊಟ್ಟಿದ್ದ. ಎತ್ತಿದ ಕಾಲನ್ನು ಇಳಿಸಿ, ಬಾಗಿ, ವಾರೆಯಾಗಿದ್ದ ಮೇಲಿನ ಕಲ್ಲನ್ನು ನೆಟ್ಟಗೆ ಕೂರಿಸಿದಳು.

"ಮುಟ್ಟೀನಿ, ನೋಡ್ರಿ ಶಿವಕಾಂತಮ್ಮ! ಸುಡೂದು ಶುರು ಆದ್ರ ಹೇಳ್ರಿ, ನನಗ ಬಸ್ಸಿಗೆ ಹೊತ್ತಾಗ್ಯದ!"

ಹಿಂದಿನಿಂದ ಆ ಗಡ್ಡದವನು ತನ್ನನ್ನೇ ನೋಡುತ್ತಿದ್ದಾನೆ ಎಂದು ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು. ಯಾಕೋ ನಡಿಗೆ ತಪ್ಪಿತು.

* * *

ಊರಿಗೆ ಬಂದ ಚಂದ್ರಾಮನ ಪಾಡು ಏನೆಂದು ಹೇಳಲಿ!

ತಲೆಯ ಮೇಲೆ ಫ್ಯಾನು ತಿರುಗಿದರೆ ನಿದ್ದೆ ಬಾರದೆಂದು ಮಾಳಿಗೆ ಏರಿ ಮಲಗುತ್ತಿದ್ದ. ಮೊಬೈಲಿನಲ್ಲಿ ಮಾತಾಡಿದರೆ ಆ ದನಿಗೆ ಚಿಂಚೋಳಿಯವರಿಗೆ ಮೊಬೈಲೇ ಬೇಕಾಗುತ್ತಿರಲಿಲ್ಲ. ರಸ್ತೆ ದಾಟುವಾಗ ಸಿಮೆಂಟ್ ಲಾರಿಗಳಿಗೆ ದನಗಳನ್ನು ತಡೆಯುವ ಹಾಗೆ "ಹೋ… ಹೋ…" ಎಂದು ಕೋಲು ಅಡ್ಡ ಹಿಡಿಯುತ್ತಿದ್ದ. ಲಾರಿಗಳು ನಿಲ್ಲುತ್ತಿದ್ದವು ಎಂಬುದೇ ವಿಚಿತ್ರ!

ಇನ್ನು ಆ ಗುರುತುಗಳು. ಶಹಾಬಾದ ಕಲ್ಲಿನ ಊರು, ಎಲ್ಲಿ ನೋಡಿದರೂ ಕಲ್ಲಿನ ರಾಶಿ. ಇಂಥಲ್ಲಿ ಕಲ್ಲಿನ ಗುರುತು ಇಡುವುದೆಂದರೆ ಹೊಳೆಯಲ್ಲಿ ನೀರಿನ ಗುರುತು ಇಟ್ಟ ಹಾಗೆ. ಒಂದು ದಿನ ಯಾರದೋ ಕಲ್ಲಿನ ಜಾಡು ಹಿಡಿದು ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೇ ಹೋಗಿಬಿಟ್ಟ. ಕೂಲಿಯವನೆಂದು ತಿಳಿದು ಮಧ್ಯಾಹ್ನದ ತನಕ ಅವನ ಕೈಲಿ ಫರಸಿ ಹೊರಿಸಿದರು. ಕೇಳಿದರಲ್ಲ, ಇಲ್ಲ ಅನ್ನುವುದು ಹೇಗೆ ಎಂದು ಇವನೂ ಹೊತ್ತ!

ವಾಡಿ ರಸ್ತೆಯ ಸಸಿಗಳಿಗೆ ನೀರು ಹಾಕಲು ಅವನು ದಿನಾ ಲುಂಬಿನಿಯ ಬಸ್ಸನ್ನೇ ಹತ್ತುತ್ತಿದ್ದ. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ.

"ಕುಂದ್ರಿ ಅಲ್ಲಿ! ಬಾಗಿಲಿಗೆ ಯಾಕ ಜೋತು ಬಿದ್ದೀರಿ?"

"ಒಳಗ ಉಸಿರು ಸಾಲಂಗಿಲ್ಲರಿ ಅಕ್ಕೋರ."

ಒಮ್ಮೆ ಇಳಿಯುವ ಜಾಗ ಬಂತೆಂದು ನಾಲಿಗೆ ಮಡಚಿ ಕಾಡುಹಕ್ಕಿಯ ಹಾಗೆ ಸೀಟಿ ಹೊಡೆದ. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಬಸ್ಸಿನ ಮಂದಿಯೆಲ್ಲ ಒಬ್ಬರ ಮೇಲೊಬ್ಬರು!

"ಇಲ್ಲಿ ಸೀಟಿ ಊದೂದು ನನ್ನ ಕೆಲಸ!" ಲುಂಬಿನಿ ಕೆರಳಿದಳು. "ಒಂದು ಊದಿದ್ರ ನಿಂದ್ರು, ಎರಡು ಊದಿದ್ರ ನಡಿ. ತಿಳೀತೇನು?"

"ತಿಳೀತ್ರಿ. ನಿಮ್ಮ ಒಂದು ಸೀಟಿಗೆ ನಾ ಎಲ್ಲಿದ್ರೂ ನಿಂದರ್ತೀನಿ."

ಅದನ್ನು ಅವನು ತಮಾಷೆಗೆ ಹೇಳಲಿಲ್ಲ. ಹೇಳಿ ಇಳಿದು ಹೋದ. ವಾಡಿ ಸ್ಟ್ಯಾಂಡ್ ಬರುವ ತನಕ ಲುಂಬಿನಿ ಯಾರಿಗೂ ಟಿಕೆಟ್ ಕೊಡಲಿಲ್ಲ.

'ಏನಾಗ್ಯದ ನನಗ? ಅಕ್ಕೋರ ಅನ್ನೋ ಮನುಷ್ಯನ ಮ್ಯಾಲ ಯಾರರ ಮನಸ್ಸು ಇಡ್ತಾರೇನು?'

ಮತ್ತೊಂದು ದಿನ ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತ್ತು. ಗೂಡ್ಸ್ ಗಾಡಿ ಮುಗಿಯುತ್ತಲೇ ಇರಲಿಲ್ಲ. ಚಂದ್ರಾಮ ಅವಳ ಕೈಗೆ ತುಮರಿ ಹಣ್ಣಿನ ಪೊಟ್ಟಣ ಇಟ್ಟ. ರವಿವಾರ ಅಡವಿಗೆ ಹೋಗಿ ತಂದದ್ದು.

"ಮತ್ತೇನೇನು ಗುರುತು ಅದಾವ ನಿಮ್ಮ ಅಡವ್ಯಾಗ?" ಹಣ್ಣು ಚೀಪುತ್ತ ಅವಳು ಕೇಳಿದಳು.

"ಮುಳ್ಳು ಅಡ್ಡ ಹಾಕಿದ್ರ 'ಈ ಕಡಿ ಬರಬ್ಯಾಡ, ಅಪಾಯ ಅದ' ಅಂತರಿ."

"ಹಾಕಿದ್ರೂ ಬಂದ್ರ?"

ಅವನು ಗಡ್ಡ ಕೆರೆದುಕೊಂಡ. "ಇಲ್ಲೀತನಕ ಹಂಗ ಯಾರೂ ಬಂದಿಲ್ಲರಿ."

ಮರುದಿನ ಬೆಳಿಗ್ಗೆ ಗೇಟಿನ ಮುಂದಿನ ಕಲ್ಲಿನ ಕೆಳಗೆ ಅವನ ಎಲೆ ಆಗಲೇ ಇತ್ತು. ಲುಂಬಿನಿ ಆ ಕಡೆ ಈ ಕಡೆ ನೋಡಿದಳು. ಗೇಟಿನ ಪಕ್ಕದ ಬೇವಿನ ಗಿಡದಿಂದ ಒಂದು ಎಲೆ ಕಿತ್ತು, ಅದರ ಪಕ್ಕದಲ್ಲೇ ಇಟ್ಟಳು. ಹೋಗೀನಿ… ತಿರುಗಿ ಬರ್ತೀನಿ.

ಸಂಜೆ ಬಂದು ತನ್ನ ಎಲೆ ತೆಗೆದಳು. ಅವನು ತನ್ನದನ್ನು ತೆಗೆದ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ದಿನಾ ಹಾಗೆಯೇ ನಡೆಯಿತು.

ತಾಯಿ ಭೀಮಬಾಯಿ ರೊಟ್ಟಿ ಬಡಿಯುತ್ತಲೇ ಎಲ್ಲ ನೋಡುತ್ತಿದ್ದಳು.

"ಮಗಳ, ನನಗ ಭಾನಾಮತಿ ಅಂಜಿಕಿ ಇಲ್ಲ. ಮಂದಿ ಅಂಜಿಕಿ ಅದ. ಅಪ್ಪ ಇಲ್ಲದ ಮನಿ ನಮ್ಮದು, ಹೆಸರು ಕೆಟ್ರ ತೊಳೆಯೂದು ಹ್ಯಾಂಗ?"

"ಎಲಿ ಇಟ್ರ ಹೆಸರು ಕೆಡ್ತದೇನವ್ವ?" ಎಂದು ನಕ್ಕುಬಿಟ್ಟಳು ಲುಂಬಿನಿ. ಆ ನಗು ಬಹಳ ದಿನ ಉಳಿಯಲಿಲ್ಲ.

* * *

ಅಮಾವಾಸ್ಯೆಯ ದಿನ ಶಿವಕಾಂತಮ್ಮನ ಸೊಸೆ ಶಿವರಂಜನಿ ನಳದ ಹತ್ತಿರ ಕೊಡ ಹೊತ್ತವಳು ಹಾಗೇ ಕುಸಿದು ಬಿದ್ದಳು. ಕಣ್ಣು ಮೇಲಾದವು. ಹಲ್ಲು ಕಚ್ಚಿಕೊಂಡು ಏನೇನೋ ಬಡಬಡಿಸಿದಳು.

"ಭಾನಾಮತಿ! ಭಾನಾಮತಿ ಮಾಡ್ಯಾರ ನನ್ನ ಸೊಸಿಗೆ!" ಶಿವಕಾಂತಮ್ಮ ಎದೆ ಬಡಿದುಕೊಂಡಳು. "ಆ ಅಡವಿ ಮನುಷ್ಯ! ದಿನಾ ಕಲ್ಲು ಇಡ್ತಾನ, ಬೇವಿನೆಲಿ ಇಡ್ತಾನ, ನಾ ಕಣ್ಣಾರೆ ನೋಡೀನಿ!"

ಗಲ್ಲಿಗೆ ಗಲ್ಲಿಯೇ ನೆರೆಯಿತು. ಲುಂಬಿನಿ ಆಗ ಸೇಡಂ ಕಡೆಯ ಟ್ರಿಪ್ಪಿನಲ್ಲಿದ್ದಳು.

ಸಂಜೆ ಅವಳು ಬಂದಾಗ ಗಲ್ಲಿ ಸದ್ದಿಲ್ಲದೆ ಇತ್ತು. ಗೇಟಿನ ಮುಂದಿನ ಮೂರು ಕಲ್ಲು ಚೆಲ್ಲಾಪಿಲ್ಲಿ ಬಿದ್ದಿದ್ದವು. ಅವುಗಳ ಜಾಗದಲ್ಲಿ ಒಂದು ಜಾಲಿಯ ಮುಳ್ಳಿನ ಟೊಂಗೆ, ಅಡ್ಡಲಾಗಿ ಇಟ್ಟದ್ದು.

ಈ ಕಡೆ ಬರಬೇಡ…

ಎದುರು ಮನೆಯ ಮೇಲಿನ ಕೋಣೆಗೆ ಬೀಗ.

"ಹೋದನವ್ವ ಅಂವ," ಭೀಮಬಾಯಿ ಕಣ್ಣೊರೆಸಿಕೊಂಡಳು. "ಇನ್ನ ಬರಂಗಿಲ್ಲ ಅಂದ. ಬಿಟ್ಟು ಬಿಡು."

'ಓಡಿ ಹೋದನಾ? ನನಗೊಂದು ಮಾತು ಹೇಳದೆ? ಅಡವ್ಯಾಗಿನ ಕರಡಿಗೆ ಅಂಜದ ಗಂಡಸು ಈ ಗಲ್ಲಿ ಮಂದಿಗೆ ಅಂಜಿ ಓಡಿದನಾ? ಮ್ಯಾಲ ನನಗೇ ಮುಳ್ಳು! ನಾ ಏನು ಮಾಡಿದ್ದೆ ಅವಗ?'

ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು. ನೇರವಾಗಿ ಎದುರು ಮನೆಗೆ ನುಗ್ಗಿದಳು.

"ಏನರ ಹೇಳಿ ಹೋದನೇನ್ರಿ ಆ ಅಂಜುಬುರುಕ?"

ಸರ್ವರಬೇಗಂ ತಸ್ಬಿ ಮಣಿ ಎಣಿಸುವುದನ್ನು ನಿಲ್ಲಿಸಿದಳು.

"ತೋಬಾ ತೋಬಾ! ಅಂಜುಬುರುಕ ಅನ್ಬ್ಯಾಡ ಬೇಟಿ. ನಿಮ್ಮವ್ವ ಹೇಳಲಿಲ್ಲೇನು? ಮಂದಿ ಕೊರಳಪಟ್ಟಿ ಹಿಡಿದು ಕೇಳಿದ್ರು, 'ಎಲಿ ಎರಡೆರಡು ಇರ್ತಿದ್ದವು, ಇನ್ನೊಂದು ಯಾರದು, ಹೇಳು' ಅಂತ. ಅಂವ ಏನಂದ ಗೊತ್ತದ? 'ಎರಡೂ ನನ್ನವೇ. ಈ ಮನಿ ಹುಡುಗಿಗೆ ಏನೂ ಗೊತ್ತಿಲ್ಲ' ಅಂದ. ಹೊಡೆತ ತಿಂದ, ಕೈ ಎತ್ತಲಿಲ್ಲ. 'ನಾ ಹೋದ್ರ ಆಕಿ ಹೆಸರು ಉಳೀತದ ಖಾಲಾ' ಅಂತ ಅಂದು ತನ್ನ ಅಡವಿಗೆ ಹೋದ."

ಲುಂಬಿನಿ ಅಲ್ಲೇ ಹೊಸ್ತಿಲ ಮೇಲೆ ಕೂತಳು.

ತನ್ನ ಎಲೆಯ ಹೊಡೆತವನ್ನೂ ಅವನೇ ತಿಂದಿದ್ದ. ಹೆಸರು! ಯಾರು ಕೇಳಿದರು ಅವನನ್ನು ತನ್ನ ಹೆಸರು ಉಳಿಸು ಎಂದು? ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿತು, ಅದರ ಜೊತೆಗೇ ಅವನಿಗೆ ಎರಡು ಬಿಗಿಯಬೇಕು ಎಂದೂ ಅನಿಸಿತು.

* * *

ಮರುದಿನ ಬೆಳಿಗ್ಗೆ ನಳಕ್ಕೆ ನೀರು ಬರುವ ಹೊತ್ತು. ಗಲ್ಲಿಯ ಹೆಣ್ಣು ಗಂಡು ಎಲ್ಲ ಕೊಡ ಹಿಡಿದು ನಿಂತಿದ್ದರು. ಶಿವರಂಜನಿ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಂತ್ರ ಹಾಕುವವನನ್ನು ಕರೆತರಲು ಶಿವಕಾಂತಮ್ಮ ಹೊರಟು ನಿಂತಿದ್ದಳು.

ಲುಂಬಿನಿ ಎಲ್ಲರ ಕಣ್ಣೆದುರೇ ಬಂದು ಮುಳ್ಳಿನ ಟೊಂಗೆ ಎತ್ತಿ ದೂರ ಎಸೆದಳು. ಚದುರಿದ್ದ ಕಲ್ಲು ಆರಿಸಿ ಒಂದರ ಮೇಲೊಂದು ಇಟ್ಟಳು. ಎರಡು ಬೇವಿನೆಲೆ ಕಿತ್ತಳು.

"ಕೇಳ್ರಿ ಎಲ್ಲಾರೂ! ಈ ಎಲಿ ಅವರದು. ಈ ಎಲಿ ನಂದು. ದಿನಾ ಇಟ್ಟಾಕಿ ನಾನು! ನಿನ್ನಿ ನಿಮ್ಮ ಹೊಡೆತದಾಗ ಅರ್ಧ ನನಗ ಬರಬೇಕಿತ್ತು. ಯಾರು ಕೊಡ್ತೀರಿ? ಬರ್ರಿ, ಇಲ್ಲೇ ನಿಂತೀನಿ!"

ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಯಾರಿಗೂ ಪರಿವೆಯಿಲ್ಲ.

"ನಾಚಿಕಿ ಇಲ್ಲೇನು ನಿನಗ?" ಶಿವಕಾಂತಮ್ಮ ಬಾಯಿ ಮಾಡಿದಳು. "ಮದವಿ ಆಗದ ಹುಡುಗಿ, ಗಂಡಸಿನ ಹೆಸರು ಹೇಳಿ ನಡುಗಲ್ಲಿಯಾಗ…"

"ಇಲ್ಲ, ನಾಚಿಕಿ ಇಲ್ಲ! ಪ್ರೀತಿ ಮಾಡೀನಿ, ಕಳವು ಮಾಡಿಲ್ಲ. ನಿಮ್ಮ ಸೊಸಿ ಬಿದ್ದು ಒಂದು ದಿನ ಆತು, ಒಬ್ಬರರ ದವಾಖಾನಿಗೆ ಒಯ್ದೀರೇನು? ಒಬ್ಬರರ ಆಕೀನ್ನ ಕೇಳೀರೇನು, ಏನಾಗ್ಯದವ್ವ ಅಂತ?"

ಎಲ್ಲರ ಕಣ್ಣು ಶಿವರಂಜನಿಯ ಕಡೆ ಹೊರಳಿತು. ಮದುವೆಯಾಗಿ ಬಂದಾಗಿನಿಂದ ಅವಳ ದನಿಯನ್ನೇ ಆ ಗಲ್ಲಿ ಕೇಳಿರಲಿಲ್ಲ. ಬಿಳುಚಿದ ತುಟಿ ಅಲುಗಿತು.

"ನನಗ ಭಾನಾಮತಿ ಅಲ್ಲರಿ… ಹಸಿವು."

ಒಂದೇ ಮಾತು!

"ಎಲ್ಲಾರೂ ಉಂಡ ಮ್ಯಾಲ ನಾ ಉಣಬೇಕು. ಅಷ್ಟೊತ್ತಿಗೆ ರೊಟ್ಟಿ ಇರಂಗಿಲ್ಲ… ಆ ಅಣ್ಣ ಏನೂ ಮಾಡಿಲ್ಲರಿ."

ಹೊರಟು ನಿಂತಿದ್ದ ಶಿವಕಾಂತಮ್ಮ ಮೆಟ್ಟಿದ ಚಪ್ಪಲಿ ಕಳಚಿದಳು. ಲುಂಬಿನಿ ಹೋಗಿ ಶಿವರಂಜನಿಯ ಒಂದು ತೋಳು ಹಿಡಿದು ಎಬ್ಬಿಸಿದಳು. ಇನ್ನೊಂದು ತೋಳಿಗೆ ಯಾರೋ ಕೈ ಹಾಕಿದರು. ತಿರುಗಿ ನೋಡಿದರೆ ಮಂದಿಯ ಅಂಜಿಕೆಯಲ್ಲೇ ಬಾಳಿದ ಭೀಮಬಾಯಿ!

"ನಡಿ, ದವಾಖಾನಿಗೆ ನಾ ಕರಕೊಂಡು ಹೋಗ್ತೀನಿ," ಎಂದಳು ತಾಯಿ. "ನೀ ಚಿಂಚೋಳಿ ಬಸ್ ಹಿಡಿ. ಅಂವ ಹೊಡೆತ ತಿಂದಿದ್ದು ನಿನಗ ಹೇಳಲಿಲ್ಲ, ತಪ್ಪಾತು ಮಗಳ. ಹೋಗಿ ಕರಕೊಂಡು ಬಾ."

ಲುಂಬಿನಿ ಮಂದಿಯ ಕಡೆ ತಿರುಗಿದಳು. "ಈ ಎಲಿ ನಾವಿಬ್ಬರೂ ಬಂದೇ ತೆಗೀತೀವಿ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ!"

ಮುಟ್ಟುವ ಧೈರ್ಯ ಯಾರಿಗಿತ್ತು? ಭಾನಾಮತಿಯ ಭಯಕ್ಕೂ ಒಮ್ಮೊಮ್ಮೆ ಒಂದು ಉಪಯೋಗ ಇರುತ್ತದೆ ನೋಡಿ!

* * *

ಡ್ಯೂಟಿಗೆ ರಜೆ ಹೇಳಿ, ಸೇಡಂನಲ್ಲಿ ಬಸ್ಸು ಬದಲಿಸಿ, ಚಿಂಚೋಳಿಯಲ್ಲಿ ಮತ್ತೊಂದು ಹತ್ತಿ, ಅವನು ಹಿಂದೊಮ್ಮೆ ಹೇಳಿದ್ದ ಕಾಡಿನ ಅಂಚಿನ ಕೊನೆಯ ಸ್ಟಾಪಿನಲ್ಲಿ ಇಳಿದಳು ಲುಂಬಿನಿ. ಬಸ್ಸು ಹಿಂದಿರುಗಿತು. ಸುತ್ತ ಬರೀ ಗಿಡ!

ಈಗ ಅವಳ ಸರದಿ. ಎಲ್ಲ ಗಿಡವೂ ಒಂದೇ ತರ, ಎಲ್ಲ ದಾರಿಯೂ ಒಂದೇ ತರ! ಚಪ್ಪಲಿಯ ಉಂಗುಟ ಕಿತ್ತಿತು. ಮನೆಯಿಂದ ತಂದ ರೊಟ್ಟಿಯ ಗಂಟನ್ನು ಮುಸವ ಎಂಬ ಕರಿಮುಖದ ಕೋತಿ ಕಸಿದುಕೊಂಡು ಗಿಡ ಏರಿತು.

"ಏ! ಅದು ನಂದು! ಕೊಡು ಇಲ್ಲಿ!" ಎಂದು ಕಂಡಕ್ಟರ್ ಗತ್ತಿನಲ್ಲಿ ಗದರಿದಳು. ಮುಸವ ಅವಳನ್ನೇ ನೋಡುತ್ತ ನಿಧಾನ ತಿನ್ನತೊಡಗಿತು.

ಅಳು ಬರುವಂತಾಗಿ ತಲೆ ತಗ್ಗಿಸಿದಾಗ ಕಂಡದ್ದು…

ಒಂದರ ಮೇಲೊಂದು ಮೂರು ಕಲ್ಲು.

ಮುಂದಿನ ತಿರುವಿನಲ್ಲಿ ಮತ್ತೆ ಮೂರು. ಅದರಾಚೆ ಮತ್ತೆ. ಹುಟ್ಟಿ ಬೆಳೆದ ಅಡವಿಯಲ್ಲಿ ಅವನಿಗೆ ಗುರುತು ಯಾಕೆ ಬೇಕು? ಹಾಗಾದರೆ ಇವು ಯಾರಿಗಾಗಿ? ಲುಂಬಿನಿಯ ಕಣ್ಣು ಮಂಜಾಯಿತು. ಬ್ಯಾಗಿನಿಂದ ಡ್ಯೂಟಿ ಸೀಟಿ ತೆಗೆದು, ಇದ್ದ ಉಸಿರನ್ನೆಲ್ಲ ಕೂಡಿಸಿ ಊದಿದಳು.

ಒಂದೇ ಸೀಟಿ. ನಿಂದ್ರು!

ಅಡವಿ ಸುಮ್ಮನಾಯಿತು. ದೂರದಿಂದ ಕಾಡುಹಕ್ಕಿಯ ಸೀಟಿ ಬಂತು. ಆಮೇಲೆ ಒಣ ಎಲೆ ತುಳಿಯುತ್ತ ಓಡಿ ಬರುವ ಸದ್ದು.

ಚಂದ್ರಾಮ ಬಂದು ಎದುರು ನಿಂತ. ಹುಬ್ಬಿನ ಮೇಲೆ ಗಾಯ ಇನ್ನೂ ಹಸಿಯಾಗಿತ್ತು.

"ಅಕ್ಕೋರ… ನೀವು… ಮುಳ್ಳು ನೋಡಲಿಲ್ಲೇನ್ರಿ?"

"ನೋಡೀನಿ. ಎತ್ತಿ ಒಗದೀನಿ!" ಅವಳು ಅವನ ಎದೆಗೆ ಒಂದು ಗುದ್ದಿದಳು. "ನನ್ನ ಹೆಸರು ಉಳಸಾಕ ನೀ ಯಾರು? ನನ್ನ ಹೆಸರು ನನ್ನ ಹತ್ರನೇ ಅದ, ಎಲ್ಲೂ ಹೋಗಿಲ್ಲ! ಬರಬ್ಯಾಡ ಅಂತ ಅಲ್ಲಿ ಮುಳ್ಳು ಹಾಕಿದಾಂವ ಇಲ್ಲಿ ಯಾಕ ದಾರಿ ಮಾಡಿದಿ, ಹೇಳು!"

ಅವನು ಕೈಯಲ್ಲಿದ್ದ ಕೋಲನ್ನು ಗಿಡಕ್ಕೆ ಒರಗಿಸಿದ.

"ಮುಳ್ಳು ಹಾಕಿದ್ದು ಬುದ್ಧಿರಿ… ಕಲ್ಲು ಇಟ್ಟಿದ್ದು ಮನಸು."

ಲುಂಬಿನಿ ಅಳುತ್ತಲೇ ನಕ್ಕಳು. ನಗುತ್ತಲೇ ಅವನ ಹುಬ್ಬಿನ ಗಾಯದ ಮೇಲೆ ಬೆರಳಿಟ್ಟಳು.

"ನಿನ್ನ ಸಂಗಾಟ ಅಡವ್ಯಾಗ ಅಡಗಿ ಕುಂದ್ರಾಕ ಬಂದಿಲ್ಲ ನಾನು. ನೀ ನನ್ನ ಜೋಡಿ ಊರಿಗೆ ಬರಬೇಕು. ಹಾಡುಹಗಲ, ಅದೇ ಗಲ್ಲಿ, ಎಲ್ಲಾರ ಮುಂದ. ಅಂಜಿಕಿ ಅದೇನು?"

"ಅದರಿ."

"ಯಾರದು? ಮಂದೀದಾ?"

"ಇಲ್ಲರಿ. ಫ್ಯಾನಿಂದು."

ಗಿಡದಿಂದ ಗಿಡಕ್ಕೆ ಹಿಂದೆಯೇ ಬಂದಿದ್ದ ಮುಸವ ಬೆಚ್ಚಿ ರೊಟ್ಟಿ ಬಿಡುವಷ್ಟು ಜೋರಾಗಿ ನಕ್ಕಳು ಲುಂಬಿನಿ!

* * *

ಶಹಾಬಾದಿನ ಗಲ್ಲಿಗೆ ಅವರು ಕಾಲಿಟ್ಟಾಗ ಬಿಸಿಲು ಇನ್ನೂ ಇತ್ತು. ಒಂದೊಂದೇ ನೀಲಿ ಬಾಗಿಲು ತೆರೆಯಿತು. ಲುಂಬಿನಿ ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ಸರ್ವರಬೇಗಂ ಮಾಳಿಗೆಯಿಂದಲೇ, "ಆಗಯಾ ಮೇರಾ ಜಂಗ್ಲಿ! ಖೋಲಿ ಬೀಗ ತೆಗದೀನಿ, ಫ್ಯಾನೂ ಬಂದ್ ಮಾಡೀನಿ!" ಎಂದು ಕೂಗಿದಳು. ಶಿವಕಾಂತಮ್ಮನ ಮನೆಯ ಪಡಸಾಲೆಯಲ್ಲಿ ಶಿವರಂಜನಿ ತಾಟು ಮುಂದಿಟ್ಟುಕೊಂಡು ಉಣ್ಣುತ್ತಿದ್ದಳು. ಮೈಯಲ್ಲಿ ರಕ್ತವೇ ಇಲ್ಲ ಎಂದು ಡಾಕ್ಟರು ಬೈದು ಕಳಿಸಿದ್ದರಂತೆ. ಶಿವಕಾಂತಮ್ಮ ಮುಖ ಆ ಕಡೆ ಮಾಡಿಕೊಂಡಿದ್ದಳು, ಆದರೆ ಸೊಸೆಯ ತಾಟಿಗೆ ಇನ್ನೊಂದು ರೊಟ್ಟಿ ಬಿತ್ತು.

ಗೇಟಿನ ಮುಂದೆ ಮೂರು ಕಲ್ಲು ಇಟ್ಟಂತೆಯೇ ಇದ್ದವು. ಕೆಳಗೆ ಬಾಡಿದ ಎರಡು ಎಲೆ.

ಲುಂಬಿನಿ ಬಾಗಿ ತನ್ನ ಎಲೆ ತೆಗೆದಳು. ಅವನ ಮುಖ ನೋಡಿದಳು.

"ನಿನ್ನದು ನೀನೇ ತೆಗೀಬೇಕು."

ಚಂದ್ರಾಮ ಇಡೀ ಗಲ್ಲಿ ನೋಡುತ್ತಿದ್ದಂತೆ ಕುಕ್ಕರಗಾಲಲ್ಲಿ ಕೂತ. ಮೊದಲ ದಿನ ಕೂತ ಹಾಗೆಯೇ. ಎಲೆ ತೆಗೆದು ಅಂಗೈಯಲ್ಲಿ ಹಿಡಿದ.

"ಬಂದೀನ್ರಿ ಅಕ್ಕೋ…"

"ಹೂಂ?" ಅವಳ ಹುಬ್ಬು ಮೇಲೇರಿತು. ಕೈ ಸೀಟಿಯ ಕಡೆ ಹೋಯಿತು.

ಅವನು ನಕ್ಕ. ಗಡ್ಡದೊಳಗೆಲ್ಲ ಆ ನಗು ಹರಡಿತು.

"ಬಂದೀನಿ… ಲುಂಬಿನಿ."

"ಗೊತ್ತಾತು. ಒಳಗ ಬಾ, ಅವ್ವ ರೊಟ್ಟಿ ಮಾಡ್ಯಾಳ."